ಸಂತ ಥಾಮಸನಿಗೆ ಒಂದು ಷಡ್ಜ

ಕಲ್ಲುನೆಲದ ಚಳಿ, ಮೊದಲು ಹೆಬ್ಬೆರಳಿಗೆ, ಆಮೇಲೆ ಹಿಮ್ಮಡಿಗೆ — ಅಲಮೇಲುಗೆ ಒಳಗೇ ನಗು, ಚಪ್ಪಲಿ ಮತ್ತೆ ಮೆಟ್ಟಿಲ ಮೇಲೆ ಬಿಟ್ಟು ಬಂದಿದ್ದಾಳೆ, ಇಡೀ ಚರ್ಚು ಬೂಟು ಹಾಕಿ ಕೂತಿರುವಾಗ ಇವಳೊಬ್ಬಳು ಬರಿಗಾಲು, ದೇವರಿರುವ ಕಡೆ ಕಾಲು ತಾನಾಗಿಯೇ ಚಪ್ಪಲಿ ಕಳಚುತ್ತದೆ, ಏನು ಮಾಡುವುದು, ಇಂಥದ್ದೇ ಕಲ್ಲಿನ ಮೇಲಲ್ಲವೇ ಆ ಥಾಮಸ್ ಬಿದ್ದದ್ದು, ಎಂಟುನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ, ರಾಜನಿಗೆ ಬಗ್ಗದ ಆರ್ಚ್‌ಬಿಷಪ್ಪು, ಇದೇ ಡಿಸೆಂಬರ್ ಇಪ್ಪತ್ತೊಂಬತ್ತು, ಸಂಜೆ ಪ್ರಾರ್ಥನೆಯ ಹೊತ್ತು, ನಾಲ್ಕು ಜನ ನುಗ್ಗಿ ಕಡಿದರಂತೆ, ಏಟಿನ ಬಿರುಸಿಗೆ ಕತ್ತಿಯ ತುದಿ ಕಲ್ಲಿಗೆ ತಗುಲಿ ಮುರಿಯಿತಂತೆ — ಆ ತುದಿ, ಇಲ್ಲಿ ಹಾಡಿಸುವ ಗೋಹ್ ಕಥೆ ಹೇಳಿದ ದಿನದಿಂದ ಅವಳ ತಲೆಯಲ್ಲಿ ಅದೇ ಬಿದ್ದುಕೊಂಡಿದೆ. ಈಗ ವೃಂದದ ಗಂಡಸರ ಸರದಿ, ಲ್ಯಾಟಿನ್ ಪದಗಳು ಕಮಾನಿನ ಕೆಳಗೆ ತೇಲುತ್ತಿವೆ, ಇದಾದ ಮೇಲೆ ಅವಳೊಬ್ಬಳೇ, ವಾದ್ಯವಿಲ್ಲ, ಅವಳು ನಿಲ್ಲಿಸಿದ ಸ್ವರದ ಮೇಲೇ ಆರ್ಗನ್ ಬರುತ್ತದೆ, ಕೂದಲೆಳೆಯಷ್ಟು ಅಲುಗಿ ಇಳಿದರೂ ಊರಿಗೆಲ್ಲ ಗೊತ್ತಾಗುತ್ತದೆ, ಆರು ವಾರದ ರಿಹರ್ಸಲ್‌ನಲ್ಲಿ ಇಳಿಯದ ದಿನವೇ ಇಲ್ಲ, ಹಾಡು ಮುಗಿದ ಕೂಡಲೇ ಗೋಹ್ ಶ್ರುತಿ ನೋಡಲು ಟ್ಯೂನಿಂಗ್ ಫೋರ್ಕ್ ಬಡಿಯುವುದು, ಟಿಂಗ್, ಹಾಗಲಕಾಯಿ ಕಚ್ಚಿದ ಮುಖ. ಮಂಗಳವಾರ ಹೇಳಿಯೇ ಬಿಟ್ಟ, ಆಂಟಿ, ಶುಕ್ರವಾರ ಸರ್ವಿಸ್‌ನಲ್ಲೂ ವಾಯ್ಸ್ ಶೇಕ್ ಆದ್ರೆ ನೆಕ್ಸ್ಟ್ ಇಯರ್ ಸೋಲೋ ಬೇರೆಯವರಿಗೆ, ಸಾರಿ ಲಾ, ಈ ಊರವರ ಮಾತಿಗೆಲ್ಲ ಬಾಲ ಆ ಲಾ. ತಂಜಾಂಗ್ ಪಗಾರ್ ಬಡಾವಣೆಯ ಬ್ಯಾಂಕಿನಲ್ಲಿ ಅವಳ ಪಕ್ಕದ ಮೇಜಿನವನೇ ಈ ಗೋಹ್, ಕ್ಯಾಂಟೀನಿನಲ್ಲಿ ಅವಳು ಗುನುಗಿದ್ದು ಕೇಳಿ ಕರೆತಂದವನೂ ಅವನೇ, ಹಿಂದೂ ಆಂಟಿ ಯಾಕೆ ಅಂತ ಯಾರೋ ಕೇಳಿದಾಗ ಕಿವಿ ನೋಡಿ ಕರೆದೆ ಅಂದವನು. ಶೇಕ್ ಅಂತೆ, ಅದು ಗಮಕ ಕಣಯ್ಯ, ಮೈಸೂರಿನಲ್ಲಿ ಭಾಗೀರಥಿ ಟೀಚರ್ ತೊಡೆ ತಟ್ಟಿ ತಟ್ಟಿ ಕಲಿಸಿದ್ದು, ಅಲುಗದ ಸ್ವರಕ್ಕೆ ಜೀವ ಇಲ್ಲ ಕಣೇ ಅಂತ, ಮೂವತ್ತು ವರ್ಷ ಅಲುಗಿಸಿದ ಗಂಟಲು ಆರು ವಾರದಲ್ಲಿ ನೆಟ್ಟಗಾಗು ಅಂದರೆ ಆಗುತ್ತದೆಯೇ, ಸೆಂಬವಾಂಗ್ ಮನೆಯ ಅಡುಗೆಮನೆಯಲ್ಲಿ ಕುಕ್ಕರ್ ಮುಂದೆ ನಿಂತು ಹಾಡಿದರೆ ಮಗಳು ನಿಶ್ಚಿತಾ, ಅಮ್ಮ, ಮತ್ತೆ ವಾಬಲ್ ಆಗ್ತಿದೆ ಲಾ ಅನ್ನುತ್ತಾಳೆ.

ಗೋಹ್‌ನ ಬೆರಳು ಎದ್ದಿತು. ಅವಳ ಬಲಗೈ ತೊಡೆಯ ಕಡೆ ಹೊರಟಿತ್ತು ತಾಳಕ್ಕೆ, ಇಲ್ಲಿ ತಾಳವಿಲ್ಲ, ಸೆರಗು ಹಿಡಿ ಅಲಮೇಲು, ಗಟ್ಟಿಯಾಗಿ — ಟೀಚರ್ ತಂಬೂರಿ ಎಲ್ಲಿ, ಇಲ್ಲೇ, ಕಿವಿಯ ಹಿಂದೆ, ಪ ಸ ಸ ಸ, ಅರೆ, ಷಡ್ಜ ಅಲುಗುವುದಿಲ್ಲವಲ್ಲ, ಯಾವ ರಾಗದಲ್ಲೂ ಅದಕ್ಕೆ ಗಮಕವಿಲ್ಲ, ಅಚಲ ಸ್ವರ ಅಂತ ಟೀಚರೇ ಹೇಳಿದ್ದು, ಹಾಗಾದರೆ ಗೋಹ್‌ಗೆ ಬೇಕಾದ ಎಲ್ಲ ಸ್ವರವೂ ಷಡ್ಜ, ಒಂದೊಂದೂ ಷಡ್ಜ, ಇಷ್ಟೇ ತಾನೆ. ಬಾಯಿ ತೆರೆದಳು, ಸ್ವರ ನೆಟ್ಟಗೆ ಹೋಯಿತು, ಹೋಗುತ್ತಲೇ ಇದೆ, ಹತ್ತುವಲ್ಲಿ ಗಂಟಲು ಹಳೆಯ ಚಾಳಿಗೆ ಒಮ್ಮೆ ತುಡಿಯಿತು, ಬಿಡಲಿಲ್ಲ, ಪಾದ ಕಲ್ಲಿಗೆ ಒತ್ತಿದಳು, ಕಲ್ಲು ಹಿಡಿದುಕೊಂಡಿತು, ಇಳಿಯುವಲ್ಲಿ ಇಳಿದಳು, ನಿಲ್ಲುವಲ್ಲಿ ನಿಂತಳು, ಹೆದರಿಕೆ ಎಲ್ಲಿ ಹೋಯಿತೋ, ಎದೆ ತುಂಬ ಸಂತೋಷ, ಬರೀ ಸಂತೋಷ, ಕೊನೆಯ ಸ್ವರ, ಉಸಿರು ಇನ್ನೂ ಇದೆ — ಆರ್ಗನ್ ಬಂತು, ಹಾಲಿಗೆ ಹಾಲು ಬಿದ್ದ ಹಾಗೆ ಅವಳ ಸ್ವರದೊಳಗೇ ಬಂತು. ಗೋಹ್ ಜೇಬಿನಿಂದ ಫೋರ್ಕ್ ತೆಗೆದವನು ಬಡಿಯದೆ ವಾಪಸ್ ಇಟ್ಟ. ಮೂರನೇ ಸಾಲಿನಲ್ಲಿ ಗಂಡ ಸೇತುರಾಮ, ಎಲ್ಲ ಸಂಗೀತ ಕಚೇರಿಯಲ್ಲೂ ನಿದ್ದೆ ಹೊಡೆಯುವ ಮನುಷ್ಯ, ಎಚ್ಚರವಾಗಿ ಕೂತು ಇಲ್ಲದ ತಾಳ ಹಾಕುತ್ತಿದ್ದಾರೆ, ಗೆದ್ದೆ ಟೀಚರ್, ಗೆದ್ದೆ, ನಿಮ್ಮ ಷಡ್ಜದಲ್ಲೇ, ಕಾಲಡಿ ಕಲ್ಲು ಈಗ ಬೆಚ್ಚಗಿದೆ, ಆ ಥಾಮಸನ ಮೇಲೆ ಅಷ್ಟು ಬಿರುಸಿನ ಏಟು, ಅಲುಗದೆ ಕಲ್ಲು ಹಾಗೇ ಇದೆ, ಮುರಿದದ್ದು ಕತ್ತಿ, ಆ ತುದಿ, ಕಲ್ಲಿನ ಮೇಲೆ, ಆ ತುದಿ —