ಪಕ್ಕೆಗೆ ಬರಬೇಕಾದ ಚೆಂಡು

ಕಾರ್ವರ್ ಟಿಲ್ಮನ್‌ನ ಬಾಯಿ ಒಣಗಿಹೋಗಿತ್ತು. ಈಗ ಆಡುತ್ತಿರುವವನದು ಮುಗಿದರೆ ಬ್ಯಾಟು ಹಿಡಿಯುವ ಸರದಿ ಅವನದು. ಎದುರು ತಂಡದಲ್ಲಿ ಚೆಂಡೆಸೆಯುವ ಪಿಚರ್, ಆ ಉದ್ದಕಾಲಿನ ಬಕ್ಲಿ, ಬಹಳ ಹೊತ್ತಿನಿಂದ ಅವನನ್ನೇ ನೋಡುತ್ತಿದ್ದ.

ಹಿಂದಿನ ಸರದಿಯಲ್ಲಿ ಕಾರ್ವರ್ ಬಕ್ಲಿಯ ಚೆಂಡನ್ನು ಬೇಲಿಯಾಚೆಯ ಮೆಕ್ಕೆಜೋಳದ ಹೊಲಕ್ಕೆ ಅಟ್ಟಿದ್ದ. ಅಷ್ಟಕ್ಕೇ ಸುಮ್ಮನಿದ್ದರೆ ಏನೂ ಇರಲಿಲ್ಲ. ಸುತ್ತು ಓಡಿ ಬಂದವನು ಸೊಂಟ ಕುಣಿಸಿಬಿಟ್ಟ! ಕಾಲೇಜಿನಲ್ಲಿ ಬೇಸ್‌ಬಾಲಿನ ಜೊತೆ ಅಮೆರಿಕನ್ ಫುಟ್‌ಬಾಲನ್ನೂ ಆಡಿದ್ದ ಹುಡುಗ. ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಗೆರೆ ದಾಟಿದವನು ಕುಣಿಯದಿದ್ದರೆ ಮೈಗೆ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು. ಬೇಸ್‌ಬಾಲಿನಲ್ಲಿ ಕುಣಿದವನ ಮೈಗೆ ಮುಂದಿನ ಸಲ ಪಿಚರ್ ಬೇಕೆಂದೇ ಚೆಂಡು ಹಾಕುತ್ತಾನೆ. ಯಾವ ನಿಯಮದಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು.

“ಏನೋ ಫುಟ್‌ಬಾಲ್ ಸಾಹೇಬ,” ತಂಡದ ಹಿರಿಯ ಆಟಗಾರ ಒರ್ವಿಲ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದ. “ಕುಣಿದಾಯ್ತಲ್ಲ, ಈಗ ಪಕ್ಕೆ ಕೊಡು.”

“ತಲೆಗೆ ಹಾಕಿದ್ರೆ?”

“ಬಕ್ಲಿ ಮರ್ಯಾದಸ್ಥ ಕಣೋ. ಪಕ್ಕೆಗೇ ಗುರಿ ಇಡ್ತಾನೆ.”

“ಇಡ್ತಾನೆ, ಸರಿ. ಬೀಳೋದು?”

ಒರ್ವಿಲ್ ಇನ್ನೊಂದು ಬೀಜ ಬಾಯಿಗೆ ಹಾಕಿಕೊಂಡ. “ಕೈ ಅಂದ್ಮೇಲೆ ಜಾರುತ್ತಪ್ಪ.”

ಹೋದ ವರ್ಷ ಅವರದೇ ತಂಡದ ಹುಡುಗನೊಬ್ಬನ ಕೆನ್ನೆಗೆ ಹೀಗೇ ಚೆಂಡು ಬಿದ್ದಿತ್ತು. ಅವನೀಗ ಮಾವನ ಟೈರು ಅಂಗಡಿಯಲ್ಲಿದ್ದಾನೆ, ಎಡಗಣ್ಣು ಮಂಜು. ಫುಟ್‌ಬಾಲಿನಲ್ಲಿ ಗೂಳಿಯಂಥವರು ಮೇಲೆ ಬಿದ್ದರೂ ಕಾರ್ವರ್ ಹೆದರಿದವನಲ್ಲ, ಅಲ್ಲಿ ತಪ್ಪಿಸಿಕೊಂಡು ಓಡಬಹುದಿತ್ತು.

“ಇಲ್ಲಿ ತಪ್ಪಿಸ್ಕೊಂಡು ಓಡಿದ್ಯೋ, ಮುಗೀತು,” ಒರ್ವಿಲ್ ಅಂದ. “ಇವನು ಹೆದರ್ತಾನೆ ಅಂತ ನಾಳೆ ಎಲ್ಲಾ ಪಿಚರ್‌ಗಳಿಗೂ ಗೊತ್ತಾಗುತ್ತೆ. ದಿನಾ ಮೈಗೇ ಹಾಕ್ತಾರೆ, ನಿನ್ನನ್ನ ಮನೆಗೆ ಕಳಿಸೋ ತನಕ. ಬೆನ್ನು ತಿರುಗಿಸು, ಗದ್ದ ಎದೆಗೊತ್ತು. ಮತ್ತೆ, ಪೆಟ್ಟು ಬಿದ್ದ ಜಾಗ ಉಜ್ಜಿದ್ರೆ ನಾನೇ ಒದೀತೀನಿ.”

ಸರದಿ ಬಂತು. ಬಕ್ಲಿಯ ಮೊದಲ ಚೆಂಡು ಮೈಗಲ್ಲ, ಹೊಡೆಯುವ ಜಾಗದ ನಡುಮಧ್ಯಕ್ಕೆ, ನೆಟ್ಟಗೆ ಬಂತು. ಕಾರ್ವರ್ ಆಗಲೇ ಹಿಂದಕ್ಕೆ ಹಾರಿದ್ದ. ಗ್ಯಾಲರಿ ಗೊಳ್ಳೆಂದಿತು.

“ಕುಣಿತ ಚೆನ್ನಾಗಿದೆ ಗುರೂ,” ಕಾಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಎದುರು ತಂಡದ ಕ್ಯಾಚರ್ ಕಿಸಕ್ಕೆಂದ.

ಕಾರ್ವರ್ ಹಿಂಗಾಲನ್ನು ಮಣ್ಣಿಗೆ ಒತ್ತಿ ನಿಂತ. ಏನೇ ಆಗಲಿ, ಕಾಲು ಮಾತ್ರ ಕೀಳಬಾರದು.

ಎರಡನೆಯದು ಬಂತು. ಚೆಂಡು ಬಕ್ಲಿಯ ಕೈ ಬಿಟ್ಟ ಕ್ಷಣವೇ ತನ್ನ ಕಡೆಗೆಂದು ಕಾರ್ವರ್‌ಗೆ ತಿಳಿಯಿತು. ಬೆನ್ನು ತಿರುಗಿಸಿ ಗದ್ದ ಒತ್ತಿದ. ಧಪ್!

ಉಸಿರೇ ನಿಂತಂತಾಯಿತು. ಮೇಲೇಳುತ್ತಿದ್ದ ಕೈ ಪ್ಯಾಂಟಿನ ಅಂಚು ಹಿಡಿದು ನಿಂತಿತು. ಉಜ್ಜಲಿಲ್ಲ. ಪೆಟ್ಟು ತಿಂದವನಿಗೆ ಬಿಟ್ಟಿ ಸಿಗುವ ಮೊದಲ ಬೇಸ್‌ ಕಡೆಗೆ ನಡೆದ.

“ನೋವಾಯ್ತಾ?” ಅಲ್ಲಿ ನಿಂತಿದ್ದ ಎದುರು ತಂಡದವನು ಕೇಳಿದ.

“ಇಲ್ಲ.”

“ಮತ್ತೆ ಕಣ್ಣಲ್ಲಿ ನೀರು?”

“ಧೂಳು.”

“ಹಂಗಾದ್ರೆ ಚುಕ್ತಾ ಆಯ್ತು ಬಿಡು.”

ಆದರೆ ಪೆಟ್ಟು ಬಿದ್ದದ್ದು ಪಕ್ಕೆಗಲ್ಲ. ಭುಜದ ಮೇಲ್ಗಡೆ, ಕಿವಿಯಿಂದ ಸ್ವಲ್ಪವೇ ಕೆಳಗೆ ಉರಿಯುತ್ತಿತ್ತು. ಕಾರ್ವರ್ ತಿರುಗಿ ನೋಡಿದ. ಬಕ್ಲಿಯ ಮುಖ ಸುಣ್ಣದಂತಾಗಿತ್ತು. ತನ್ನ ಬೆರಳುಗಳನ್ನೇ ದಿಟ್ಟಿಸುತ್ತ ಅವುಗಳನ್ನು ಮತ್ತೆ ಮತ್ತೆ ಅಂಗಿಗೆ ಒರೆಸುತ್ತಿದ್ದ.