ಏರುದಾರಿಯ ಗೋಡೆ

ಬೆಳಗಾವಿಯ ಟಿಳಕವಾಡಿ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಪ್ರಮಿಳಾ ಕೆಲವು ವರ್ಷಗಳಿಂದ ಕಬ್ಬಿನ ಚಕ್ಕಡಿಯ ಎತ್ತುಗಳನ್ನೇ ಬರೆಯುತ್ತಿದ್ದಳು. ಹಂಗಾಮು ಬಂತೆಂದರೆ ಖಾನಾಪುರದ ರಸ್ತೆಯ ತುಂಬ ಚಕ್ಕಡಿಗಳು. ಮಾಳಿಗೆಯೆತ್ತರ ಕಬ್ಬು, ಬಾಯಲ್ಲಿ ನೊರೆ ಬಿಡುತ್ತ ಎಳೆಯುವ ಎತ್ತು. ಜನ ಇದನ್ನು ಕಣ್ಣಾರೆ ನೋಡಬೇಕು, ಹೇರು ಕಡಿಮೆ ಮಾಡಬೇಕು ಎಂಬುದು ಅವಳ ಹಟ. ಎರಡು ಸಾವಿರನೇ ಇಸವಿಯ ಜನವರಿಯಲ್ಲಿ ಬೆಳಗಾವಿಯಲ್ಲಿ ಅವಳ ಚಿತ್ರಗಳ ಪ್ರದರ್ಶನವಾಯಿತು. ವಕೀಲರು, ಡಾಕ್ಟರರು ಬಂದರು. "ಎತ್ತು ಏನ್ ಚಂದ ಅದಾವ್ರಿ!" ಅಂದರು. ಒಬ್ಬರು ದೊಡ್ಡ ಚಿತ್ರವನ್ನು ಹೊಸ ಮನೆಯ ಹಾಲಿಗೆಂದು ಕೊಂಡೊಯ್ದರು.

ಅದೇ ವಾರ, ಅವಳ ಹಳೆಯ ವಿದ್ಯಾರ್ಥಿನಿ ಸಾಕ್ಷಿ ಖಾನಾಪುರದ ಬಳಿ, ರಸ್ತೆ ಏರುವಲ್ಲಿದ್ದ ಗೋದಾಮಿನ ಗೋಡೆಯ ಮೇಲೆ ಒಂದೇ ಒಂದು ಎತ್ತು ಬರೆದಳು. ಅಂಗಡಿಯ ಬೋರ್ಡು ಬರೆಯುವ ಬಣ್ಣ. ಮುಂಗಾಲು ಮಡಚಿ ಬಿದ್ದ ಎತ್ತು, ಹೆಗಲ ಮೇಲೆ ಅಂಗೈಯಗಲ ಹುಣ್ಣು. ಕೆಳಗೆ ಕನ್ನಡ, ಮರಾಠಿ ಎರಡರಲ್ಲೂ: 'ಯಪ್ಪಾ, ಅರ್ಧ ಇಳಿಸು.'

ಚಕ್ಕಡಿಯವರು ಅಲ್ಲಿ ನಿಲ್ಲತೊಡಗಿದರು. ಕೆಲವರು ಅರ್ಧ ಕಬ್ಬು ಇಳಿಸಿ ಎರಡು ಸಲ ಏರು ಹತ್ತಿಸಿದರು. ಪೇಪರಿನಲ್ಲಿ ಫೋಟೋ ಬಂತು.

"ನಿಮ್ಮ ಶಿಷ್ಯಳಲ್ಲೇನ್ರಿ ಆಕಿ? ಭಾಳ ಖುಷಿ ಆಗಿರ್ಬೇಕು ನಿಮಗ," ಅಂದರು ಸ್ಟಾಫ್ ರೂಮಿನಲ್ಲಿ.

"ಆಗದ ಇರತೈತೇನ್ರಿ?" ಅಂದಳು ಪ್ರಮಿಳಾ. ಕುಡಿಯುತ್ತಿದ್ದ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಭಾನುವಾರ ಬಸ್ಸು ಹತ್ತಿ ನೋಡಲು ಹೋದಳು. ತಪ್ಪು ಹುಡುಕಲೆಂದೇ ಹೋಗಿದ್ದಳು, ಸಿಕ್ಕಿತು. ಹಿಂಗಾಲು ಗಿಡ್ಡ. ಕಣ್ಣಿನಲ್ಲಿ ಜೀವವಿಲ್ಲ. ಆದರೂ ಎದುರಿಗೆ ಒಬ್ಬ ಮುದುಕ ಚಕ್ಕಡಿ ನಿಲ್ಲಿಸಿ ತನ್ನ ಎತ್ತಿನ ಹೆಗಲು ಮುಟ್ಟಿ ನೋಡುತ್ತಿದ್ದ. ತನ್ನ ಯಾವ ಚಿತ್ರ ನೋಡಿಯೂ ಯಾರೂ ಹಾಗೆ ಮಾಡಿರಲಿಲ್ಲ.

ಗೋದಾಮಿನ ಮಾಲೀಕ ಬಾಳಾಸಾಹೇಬ ಅವಳ ತಂದೆಯ ಗೆಳೆಯ. ಹೊರಗೆ ಬಂದ.

"ಸಿಮೆಂಟಿನವರು ಈ ಗ್ವಾಡಿ ಕೇಳಾಕತ್ತಾರವಾ, ಜಾಹೀರಾತಿಗೆ. ನೀ ಕಲತಾಕಿ, ಹೇಳು. ಈ ಚಿತ್ರ ಇಡೂಣೋ, ಬ್ಯಾಡೋ?"

"ಚಿತ್ರ ಸುಮಾರ ಐತಿ, ಕಾಕಾ. ಗ್ವಾಡಿ ನಿಮ್ಮದು," ಅಂದಳು ಪ್ರಮಿಳಾ.

ಎತ್ತಿನ ಮೇಲೆ ಸುಣ್ಣ ಬಿತ್ತು. ಸುದ್ದಿ ಕೇಳಿದ ಸಂಜೆ ಪ್ರಮಿಳಾ ಹಾಡು ಗುನುಗುತ್ತ ಅಡಿಗೆ ಮಾಡಿದಳು.

ಮರುದಿನ ಸಾಕ್ಷಿ ಅಳುತ್ತ ಅವಳ ಮನೆಗೇ ಬಂದಳು. "ಬಾಯಾರ, ನಿನ್ನಿ ಆ ಏರಿನಾಗ ಒಂದ ಎತ್ತು ಬಿತ್ರಿ. ಕಾಲ ಮುರೀತು. ಬಿದ್ದಿದ್ರೂ ಬಡಿಯಾಕತ್ತಿದ್ರು. ಬಾಳಾಸಾಹೇಬ್ರು ನಿಮ್ಮ ಮಾತ ಕೇಳ್ತಾರ, ನೀವ ಒಂದ್ ಮಾತ ಹೇಳ್ರಿ."

ಪ್ರಮಿಳಾ ತಕ್ಷಣ ಎದ್ದಳು. ಸೆರಗು ಸರಿಪಡಿಸಿಕೊಂಡು ಚಪ್ಪಲಿ ಮೆಟ್ಟಿ, ಸಾಕ್ಷಿಯೊಡನೆ ಗೋದಾಮಿಗೆ ಹೊರಟಳು.

"ಕಾಕಾ, ಆವತ್ತ ನಾ ಹೊಟ್ಟಿಕಿಚ್ಚಿಗೆ ಹಂಗ ಅಂದೆ," ಅಂದಳು ಬಾಳಾಸಾಹೇಬನಿಗೆ. "ಚಿತ್ರ ಛಲೋ ಇತ್ತು. ಗ್ವಾಡಿ ವಾಪಸ್ ಕೊಡ್ರಿ."

ಪಕ್ಕದಲ್ಲಿದ್ದ ಸಾಕ್ಷಿ ಅವಳ ಮುಖವನ್ನೇ ನೋಡಿದಳು. ಬಾಳಾಸಾಹೇಬ ಗೊಣಗಿದ, ಕೊನೆಗೆ ಒಪ್ಪಿದ.

ಇಬ್ಬರೂ ಸೇರಿ ಬರೆದರು. ಆಮೇಲೆ ಸಾಕ್ಷಿ ಕುಂಚ ಚಾಚಿ, "ಕಣ್ಣು ನೀವ ಬರೀರಿ. ನನಗ ಬರಂಗಿಲ್ಲ," ಅಂದಳು. ದನಿಯಲ್ಲಿ ಮುನಿಸು ಹೋಗಿರಲಿಲ್ಲ. ಪ್ರಮಿಳಾ ಬರೆದಳು: ಒದ್ದೆಯಾದ, ಮೇಲಕ್ಕೆ ನೋಡುವ ಕಣ್ಣು.

ಬಣ್ಣ ಆರುವ ಮೊದಲೇ ಬೀಡಿ ಎಂಬ ಊರಿನ ರಾಯಪ್ಪ ಚಕ್ಕಡಿ ನಿಲ್ಲಿಸಿದ.

"ಸಾಕ್ಷಿಯವ್ವಾ, ಈ ಸಲ ಕಣ್ಣು ನೋಡಾಕ ಆಗವಲ್ದು. ನಿನ್ನ ಕೈಯಾಗ ಜೀವ ಐತಿ ಬಿಡು."

"ಕಣ್ಣು ನಂದು!" ಪ್ರಮಿಳಾಳ ಬಾಯಿಂದ ಬಂದೇ ಬಿಟ್ಟಿತು. "ಕಣ್ಣು ಬರದಾಕಿ ನಾನು!"

ಸಾಕ್ಷಿಗೆ ನಗು ತಡೆಯಲಾಗಲಿಲ್ಲ. ರಾಯಪ್ಪನ ಗಮನ ಇತ್ತ ಇರಲಿಲ್ಲ. ಅವನಾಗಲೇ ಹಗ್ಗ ಬಿಚ್ಚಿ ಕಬ್ಬು ಇಳಿಸತೊಡಗಿದ್ದ.