ಜುಲೇಖಾ ಮೈಕು ಬಂದ್ ಮಾಡಲಿಲ್ಲ

ರಾಜೂರಿನ ಹೊರಗೆ, ಕಾರ್ಖಾನೆಯ ಬಯಲಿನಲ್ಲಿ ಶಾಮಿಯಾನದ ಕೊನೆಯ ಗೂಟ ಬಡಿದು ಜುಲೇಖಾ ಬೆವರು ಒರೆಸಿಕೊಳ್ಳುತ್ತಿದ್ದಳು. ಆಗ ಸಿದ್ದಾರೂಢ ಬಂದು ಪಕ್ಕ ನಿಂತ. ಗೋವಿನಜೋಳದಿಂದ ಇಥೆನಾಲ್ ತೆಗೆಯುವ ಆ ಕಾರ್ಖಾನೆಗೆ ಕೂಲಿಯವರನ್ನು ಒದಗಿಸುವುದರಿಂದ ಹಿಡಿದು ಬಂದ ಅಧಿಕಾರಿಗಳಿಗೆ ಊಟ ಹಾಕಿಸುವವರೆಗೆ ಎಲ್ಲ ಅವನದೇ ಉಸ್ತುವಾರಿ. ಅಂದು ಕಾರ್ಖಾನೆಯನ್ನು ಇನ್ನಷ್ಟು ದೊಡ್ಡದು ಮಾಡುವ ಬಗ್ಗೆ ಪರಿಸರ ಆಲಿಕೆ ಸಭೆ ಇತ್ತು. ಸುತ್ತಲಿನ ಜನ ಏನು ಹೇಳುವುದಿದ್ದರೂ ಅಧಿಕಾರಿಗಳ ಎದುರು ಅಲ್ಲೇ ಹೇಳಬೇಕು. ಅವರು ಬರೆದುಕೊಂಡು ಮೇಲಕ್ಕೆ ಕಳಿಸುತ್ತಾರೆ.

"ವೇದಿಕಿ ಮ್ಯಾಗಿನ ಮೈಕ ಚಲೋ ಇರ್ಲಿ ತಂಗಿ," ಎಂದ ಸಿದ್ದಾರೂಢ. "ಮಂದಿ ಕಡಿ ಕೊಡೂ ಮೈಕ ಮಾತ್ರ, ನಾ ಟವೆಲ್ ಝಾಡಿಸಿದ ಕೂಡ್ಲೆ ಬಂದ್ ಆಗಬೇಕು. ಮೈಕ ಕೆಟ್ಟಿತು ಅಂದ್ರ ಯಾರ ತಪ್ಪೂ ಅಲ್ಲ."

"ನನ್ನ ಮೈಕ ಕೆಡೂದಿಲ್ರೀ ಅಣ್ಣಾ."

"ಕೆಡಲಿಲ್ಲಂದ್ರ ಕೆಡಿಸು. ಕಾರ್ಖಾನಿ ಕಾರ್ಯಕ್ರಮ ಎಲ್ಲಾ ಇನ್ನ ಮುಂದ ನಿಮಗ."

ಅವಳು ಬಗ್ಗಿ ವೈರು ಸುತ್ತತೊಡಗಿದಳು. ಅವನು ಅದನ್ನೇ ಒಪ್ಪಿಗೆ ಅಂದುಕೊಂಡು ಹೋದ.

ಆಂಪ್ಲಿಫೈಯರಿನ ಪಕ್ಕದ ಕುರ್ಚಿಯಲ್ಲಿ ಅವಳ ತಂದೆ ಕಾಶೀಂಸಾಬ ಕೂತಿದ್ದ. ಮೊಣಕಾಲು ಸೋತ ಮೇಲೆ ಗಜೇಂದ್ರಗಡದ ತನ್ನ ಮೈಕು-ಶಾಮಿಯಾನದ ಧಂದೆಯನ್ನು ಮಗಳ ಕೈಗೆ ಕೊಟ್ಟಿದ್ದರೂ ಕೆಲಸದ ಜಾಗಕ್ಕೆ ಬರುವುದನ್ನು ಬಿಟ್ಟಿರಲಿಲ್ಲ. ಸಿದ್ದಾರೂಢ ದೂರ ಹೋಗುವುದನ್ನೇ ಕಾದಿದ್ದು, "ಹೂಂ ಅಂದುಬಿಡಬೇಕಿತ್ತು ಬೇಟಾ. ನಾವು ಇದ ಮಂದಿ ನಡುವ ಬಾಳೇ ಮಾಡಬೇಕು," ಎಂದ.

"ಇದ ಮಂದಿ ನಡುವ ಬಾಳೇ ಮಾಡಬೇಕಂತನ ಹೂಂ ಅನ್ನಲಿಲ್ಲ, ಅಬ್ಬಾ."

ಸಭೆ ನಡೆಸಬೇಕಾದ ಅಪರ ಜಿಲ್ಲಾಧಿಕಾರಿ ಮೇಡಂ ಬಂದರು, ಮಾಲಿನ್ಯ ಮಂಡಳಿಯ ಅಧಿಕಾರಿ ಬಂದರು. ಸಿದ್ದಾರೂಢ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದ ಜನ ಮುಂದಿನ ಕುರ್ಚಿಗಳನ್ನೆಲ್ಲ ಹಿಡಿದರು. ಕಾರ್ಖಾನೆಯ ಮ್ಯಾನೇಜರು, ತಮ್ಮಲ್ಲಿಂದ ಒಂದು ಹನಿ ಹೊಲಸು ನೀರೂ ಹೊರಗೆ ಹೋಗುವುದಿಲ್ಲ ಎಂದಾಗ ಆ ಕುರ್ಚಿಗಳಿಂದ ಚಪ್ಪಾಳೆ ಬಿತ್ತು.

ಆಮೇಲೆ ಎದ್ದು ಬಂದವಳು ಮರಿಯವ್ವ. ರಾಜೂರಿನವಳು, ಆಡು ಸಾಕಿಕೊಂಡು, ಕಂಡವರ ಹೊಲದಲ್ಲಿ ಕಳೆ ತೆಗೆದುಕೊಂಡು ಇರುವಾಕೆ. ಮೈಕನ್ನು ಹಾವು ಹಿಡಿದಂತೆ ದೂರ ಹಿಡಿದಿದ್ದಳು. ಜುಲೇಖಾ ಹೋಗಿ, "ಬಾಯಿ ಹತ್ರ ಹಿಡೀಬೇ ಯವ್ವಾ," ಎಂದು ಕೈ ತಿದ್ದಿದಳು.

"ಸಾಹೇಬ್ರ, ಹೊಲಸ ನೀರ ಹೊರಗ ಬಿಡೂದಿಲ್ಲ ಅಂದ್ರಲ್ಲ ಇವರು," ಎಂದಳು ಮರಿಯವ್ವ. "ಹಳ್ಳದ ನೀರ ಕುಡದು ನನ್ನ ಆಡು ಹೊಟ್ಟಿ ಉಬ್ಬಿ ಸತ್ತವು. ಬೋರಿನ ನೀರ ಚಾದ ಬಣ್ಣ ಬಂದೈತಿ. ಮಳಿ ಹೊಡಿಯೂ ಹೊತ್ತಿಗೇ ಇವರ ಪೈಪು ಹಳ್ಳದ ಕಡಿ ಯಾಕ ತೆರಕೋತೈತಿ, ಕೇಳ್ರಿ ಅವರನ್ನ!"

ಸಿದ್ದಾರೂಢನ ಟವೆಲು ಪಟಪಟ ಅಂದಿತು. ಕಾಶೀಂಸಾಬನ ಕೈ ತಾನಾಗಿ ಆಂಪ್ಲಿಫೈಯರಿನ ಗುಂಡಿಯ ಕಡೆಗೆ ಹೋಯಿತು. ಜುಲೇಖಾ ಬಂದು ಆ ಕೈಯ ಮೇಲೆ ತನ್ನ ಕೈ ಇಟ್ಟಳು. "ಬ್ಯಾಡ, ಅಬ್ಬಾ." ಅವನು ಮಗಳ ಮುಖ ನೋಡಿದ; ಕೈ ಹಿಂದಕ್ಕೆ ತೆಗೆದುಕೊಂಡ.

ಅಷ್ಟರಲ್ಲಿ ಜನರೇಟರಿನ ಸದ್ದೇ ನಿಂತುಹೋಯಿತು. ಶಾಮಿಯಾನಕ್ಕೆಲ್ಲ ಕರೆಂಟು ಕೊಡುತ್ತಿದ್ದ ಅದು ಕಾರ್ಖಾನೆಯದು. ಫ್ಯಾನು ನಿಂತವು. ಮರಿಯವ್ವನ ಬಾಯಿ ಆಡುತ್ತಿತ್ತು, ಮಾತು ಹಿಂದಿನ ಸಾಲಿಗೂ ಮುಟ್ಟುತ್ತಿರಲಿಲ್ಲ.

"ಮೈಕ್ ಇಲ್ಲದೆ ಸಭೆ ಹೇಗೆ ನಡೆಸುವುದು, ಮೇಡಂ? ಉಳಿದವರು ಬರೆದು ಕೊಡಲಿ, ಮುಗಿಸೋಣ," ಎಂದರು ಮಂಡಳಿಯ ಅಧಿಕಾರಿ.

ಜುಲೇಖಾ ನೇರ ವೇದಿಕೆಯ ಮುಂದೆ ಹೋಗಿ, "ಮೈಕ ಕೆಟ್ಟಿಲ್ರೀ ಮೇಡಂ. ಜನರೇಟರ್ ಬಂದ್ ಮಾಡ್ಯಾರ. ಸ್ವಲ್ಪ ತಡೀರಿ," ಎಂದು ಹೊರಗೆ ಓಡಿದಳು.

ಊರೂರು ಸುತ್ತಿ ಸೀರೆ ಮಾರಾಟದ, ಸತ್ತವರ ಸುದ್ದಿ ಸಾರುವ ಅವಳ ಆಟೋ ಹೊರಗೆ ನಿಂತಿತ್ತು. ಒಳಗೆ ಬ್ಯಾಟರಿ, ಮೇಲೆ ಹಾರ್ನ್ ಅನ್ನುವ ಎರಡು ದೊಡ್ಡ ಧ್ವನಿವರ್ಧಕ. ಅದನ್ನು ಚಾಲೂ ಮಾಡಿ ಕುರ್ಚಿಗಳ ನಡುವೆಯೇ ನುಗ್ಗಿಸಿದಳು. ಸಿದ್ದಾರೂಢ ಅಡ್ಡ ನಿಂತ.

"ಇದು ಕಾರ್ಖಾನಿ ಜಾಗಾ!"

"ಜಾಗಾ ಕಾರ್ಖಾನಿದು, ಸಭಾ ಸರಕಾರದ್ದು. ಸರೀರಿ, ಕಾಲ ಮ್ಯಾಗ ಗಾಲಿ ಹೋದೀತು."

ಅವನು ಮೇಡಂ ಕಡೆ ನೋಡಿದ. ಅವರು, "ಬರಲಿ ಬಿಡಿ," ಎಂದರು.

ಜುಲೇಖಾ ಆಟೋದ ಮೈಕನ್ನು ಮರಿಯವ್ವನ ಕೈಗೆ ಕೊಟ್ಟಳು. ಶಾಮಿಯಾನದ ಮೈಕು ಶಾಮಿಯಾನಕ್ಕಷ್ಟೇ ಕೇಳುತ್ತಿತ್ತು. ಹಾರ್ನಿನ ಸದ್ದು ಹೊಲ ದಾಟಿ ಹೋಯಿತು. ಮರಿಯವ್ವನ ಸತ್ತ ಆಡಿನ ಸುದ್ದಿ ಬದುವಿನಿಂದ ಬದುವಿಗೆ ಕೇಳಿಸಿ, ಕಳೆ ತೆಗೆಯುತ್ತಿದ್ದ ಹೆಂಗಸರು ಕುರ್ಪಿ ಹಿಡಿದುಕೊಂಡೇ ಬಂದರು. ಇಂಥದ್ದೊಂದು ಸಭೆ ಇದೆಯೆಂದೇ ಅವರಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಮೈಕು ಹಿಡಿದರು. ಮುಂದಿನ ಸಾಲಿನಲ್ಲಿ ಕಾರ್ಖಾನೆ ಕೊಟ್ಟ ಟೋಪಿ ಹಾಕಿಕೊಂಡಿದ್ದ ನಿಂಗರಾಜನೂ ಎದ್ದ. "ನಾ ಚಪ್ಪಾಳಿ ಹೊಡ್ಯಾಕಂತ ಬಂದಂವ್ರೀ. ಆದ್ರ ನಮ್ಮ ಬೋರೂ ಹಂಗ ಐತಿ," ಎಂದು ಟೋಪಿ ತೆಗೆದು ಕುರ್ಚಿಯ ಮೇಲಿಟ್ಟ.

ಎಲ್ಲರ ಸರದಿ ಮುಗಿದಾಗ ಬಿಸಿಲು ಇಳಿದಿತ್ತು. ಕೇಳಿದ್ದರ ಸಾರಾಂಶವನ್ನು ಜನರ ಮುಂದೆ ಓದಬೇಕು. ಮಂಡಳಿಯ ಅಧಿಕಾರಿ ಲಗುಬಗೆಯಿಂದ ಓದಿದರು: "ಸ್ಥಳೀಯರು ನೀರಿನ ಕುರಿತು ಕೆಲವು ಸಲಹೆಗಳನ್ನು ನೀಡಿದರು."

"ಸಲಹಾ ಅಲ್ರೀ!" ಮರಿಯವ್ವ ಕೂತಲ್ಲಿಂದಲೇ ಕೂಗಿದಳು. "ಬ್ಯಾಡ ಅಂದೀವಿ. ಬ್ಯಾಡ ಅಂತ ಬರೀರಿ!"

"ಬ್ಯಾಡ ಅಂತ ಬರೀರಿ," ಎಂದು ಹಿಂದಿನಿಂದ ಹತ್ತು ದನಿ ಎದ್ದವು. ಮಂಡಳಿಯ ಅಧಿಕಾರಿ ಆಟೋದ ಕಡೆ ಸಿಟ್ಟಿನಿಂದ ನೋಡಿ, "ನೀನು ಮೈಕಿನವಳೋ, ವಿರೋಧ ಮಾಡುವವಳೋ?" ಎಂದರು.

"ಎರಡೂ ಹೌದ್ರಿ. ನನ್ನ ಹೆಸರೂ ಬರಕೋರಿ. ಜುಲೇಖಾ, ಕಾಶೀಂಸಾಬನ ಮಗಳು."

ಅಪರ ಜಿಲ್ಲಾಧಿಕಾರಿ ಹಾಳೆ ತಮ್ಮ ಕಡೆ ಎಳೆದುಕೊಂಡು 'ಸಲಹೆ' ಹೊಡೆದುಹಾಕಿದರು. 'ವಿಸ್ತರಣೆ ಬೇಡವೆಂದು ವಿರೋಧಿಸಿದರು' ಎಂದು ಬರೆದು, ಹಾರ್ನಿನಲ್ಲೇ ಇನ್ನೊಮ್ಮೆ ಓದಿ ರುಜು ಹಾಕಿದರು.

ಸಾಮಾನು ಆಟೋಕ್ಕೆ ಏರಿಸುವಾಗ ಸಿದ್ದಾರೂಢ ಹತ್ತಿರ ಬಂದ. "ಇನ್ನ ಈ ಕಡೆ ನಿಮ್ಮ ಪೆಂಡಾಲ್ ಹ್ಯಾಂಗ ಏಳ್ತೈತಿ, ನೋಡ್ತೀನಿ."

ಜುಲೇಖಾ ಬಾಯಿ ತೆರೆಯುವ ಮೊದಲೇ ಕಾಶೀಂಸಾಬ ಕೋಲೂರಿ ಎದ್ದುನಿಂತ. "ನೋಡಾಕ ಬಾರಪಾ. ಮುಂದಿನ ಸಾಲಿನಾಗ ನಿನಗೊಂದು ಕುರ್ಚಿ ಹಾಕಿ ಕೊಡ್ತೀವಿ."

ಕಾರ್ಖಾನೆಯ ಕಾರ್ಯಕ್ರಮಗಳು ನರಗುಂದದ ಮೈಕಿನವರ ಪಾಲಾದವು. ವಿಸ್ತರಣೆಯ ಅರ್ಜಿ ಮಾತ್ರ, ಮೊದಲು ಬೋರುಗಳ ನೀರು ಪರೀಕ್ಷಿಸಿ ಬನ್ನಿ ಎಂದು ಮೇಲಿನಿಂದ ವಾಪಸ್ ಬಂತು. ಅಷ್ಟಕ್ಕೇ ರಾಜೂರಿನವರು ನಂಬಿ ಸುಮ್ಮನಾಗಲಿಲ್ಲ. ಮುಂದಿನ ಮಳೆ ಮೋಡ ಕಟ್ಟಿದ ಮಧ್ಯಾಹ್ನ ಮರಿಯವ್ವ ಮತ್ತು ಏಳೆಂಟು ಹೆಂಗಸರು ಮಳೆಗೆಂದು ಗೊಬ್ಬರಚೀಲದ ಕೊಪ್ಪೆ ತಲೆಗೆ ಹೊದ್ದು ಹಳ್ಳದ ದಂಡೆಗೆ, ಆ ಪೈಪಿನ ಬಾಯಿಗೆ ಎದುರಾಗಿ ಹೋಗಿ, ಅದು ತೆರೆಯುತ್ತದೋ ಎಂದು ಕಾಯುತ್ತ ಕೂತರು.